ಹೆಡ್‌ಲೈಟಿಗೆ ಬಂದ ಪೊರೆ: ಕಡಿಮೆ ಖರ್ಚಲ್ಲಿ ತೆಗೆಯೋದು ಹೇಗೆ

ನನ್ನದು 2012ರ ವ್ಯಾಗನ್ ಆರ್. ಎರಡು ವರ್ಷದ ಹಿಂದೆ ಒಂದು ಮಳೆಗಾಲದ ರಾತ್ರಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಲೈಟ್ ಹಾಕಿದ್ದೀನೋ ಇಲ್ಲವೋ ಅಂತ ಎರಡು ಸಲ ಸ್ವಿಚ್ ಮುಟ್ಟಿ ನೋಡಿಕೊಂಡೆ. ಹಾಕಿದ್ದೆ. ಆದರೂ ರಸ್ತೆ ಕಾಣಿಸುತ್ತಿಲ್ಲ, ಮುಂದಿದ್ದ ಲಾರಿಯ ಹಿಂಬದಿ ಕೆಂಪು ದೀಪವನ್ನೇ ದಾರಿ ಅಂದುಕೊಂಡು ಇಳಿದದ್ದು. ಗುಂಡ್ಯದಲ್ಲಿ ಚಹಾಕ್ಕೆ ನಿಲ್ಲಿಸಿ ಮುಂದೆ ಬಂದು ನೋಡಿದರೆ ಎರಡೂ ಡೂಮ್ (ಹೆಡ್‌ಲೈಟಿನ ಪಾರದರ್ಶಕ ಮುಂಭಾಗ, ಕೆಲವೊಮ್ಮೆ ಇಡೀ ಹೆಡ್‌ಲೈಟಿಗೂ ಹೀಗೇ ಅನ್ನುತ್ತೇವೆ) ಮಜ್ಜಿಗೆ ಕುಡಿದಿಟ್ಟ ಲೋಟದ ಹಾಗಿದ್ದವು.

ಊರಿಗೆ ಬಂದು ತೋರಿಸಿದಾಗ ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು, ಹೊಸ ಜೋಡಿ ಹಾಕಿಬಿಡಿ ಸಾರ್. ಹಾಕಲಿಲ್ಲ. ನಾನೇ ಉಜ್ಜಿದೆ. ಫಳಫಳ ಅಂತು. ನಾಲ್ಕೇ ತಿಂಗಳಲ್ಲಿ ಮತ್ತೆ ಹಳದಿ. ಎರಡನೇ ಸಲ ಉಜ್ಜಿ ಮೇಲೆ ಕೋಟಿಂಗ್ ಹೊಡೆಸಿದೆ, ಅದು ಇವತ್ತಿಗೂ ಹಾಗೇ ಇದೆ. ಹಾಗಾಗಿ ಈ ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಉಜ್ಜುವುದು ಅರ್ಧ ಕೆಲಸ ಅಷ್ಟೇ, ಉಜ್ಜಿ ಹಾಗೇ ಬಿಟ್ಟರೆ ಮೊದಲಿಗಿಂತ ಬೇಗ ಹಾಳಾಗುತ್ತದೆ.

ಯಾಕೆ ಅಂದರೆ, ಈಗಿನ ಹೆಡ್‌ಲೈಟಿನ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಗಟ್ಟಿ, ಹಗುರ, ಸಣ್ಣ ಕಲ್ಲು ಬಿದ್ದರೆ ಒಡೆಯುವುದಿಲ್ಲ. ಆದರೆ ಎರಡು ದೌರ್ಬಲ್ಯ ಇವೆ. ಬೇಗ ಗೀರು ಬೀಳುತ್ತದೆ, ಮತ್ತು ಬಿಸಿಲಿನ ಯುವಿ ಕಿರಣಕ್ಕೆ ಹಳದಿಯಾಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲೇ ಅದರ ಮೇಲೆ ತೆಳುವಾದ ಒಂದು ರಕ್ಷಣೆಯ ಪದರ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು, ಧೂಳು ಹೊಡೆಸಿಕೊಂಡು, ಒಣ ಬಟ್ಟೆಯಲ್ಲಿ ಒರೆಸಿಸಿಕೊಂಡು ಆ ಪದರ ಸಿಪ್ಪೆ ಏಳುತ್ತದೆ. ನಾವು ಪೊರೆ ಅಂತ ನೋಡುವುದು ಹೆಚ್ಚಾಗಿ ಇದೇ ಸತ್ತ ಪದರ ಮತ್ತು ಅದರ ಕೆಳಗೆ ಸುಟ್ಟ ಪ್ಲಾಸ್ಟಿಕ್. ನನ್ನ ಕಾರಿನಲ್ಲಿ ಎಡಗಡೆಯದು ಬಲಗಡೆಯದಕ್ಕಿಂತ ಜಾಸ್ತಿ ಹಳದಿಯಾಗಿತ್ತು. ಮನೆ ಮುಂದೆ ನಿಲ್ಲಿಸಿದಾಗ ಮಧ್ಯಾಹ್ನದ ಬಿಸಿಲು ನೇರ ಬೀಳುವುದು ಆ ಬದಿಗೇ. ನಿಮ್ಮದನ್ನೂ ನೋಡಿ, ಎರಡೂ ಒಂದೇ ಸಮ ಹಾಳಾಗಿರುವುದು ಅಪರೂಪ.

ಇದು ಬರೀ ಅಂದದ ವಿಷಯ ಅಲ್ಲ. ಅಮೆರಿಕದ ವಾಹನ ಚಾಲಕರ ಸಂಘ ಎಎಎ 2018ರಲ್ಲಿ ಇದನ್ನು ಅಳೆದು ನೋಡಿತ್ತು. ತೀರಾ ಮಂಕಾದ ಹೆಡ್‌ಲೈಟ್ ಹೊಸದರ ಬೆಳಕಿನ ಸುಮಾರು 20 ಶೇಕಡಾ ಮಾತ್ರ ಕೊಡುತ್ತದೆ. ಉಜ್ಜಿ ಸರಿ ಮಾಡಿದರೆ ಸುಮಾರು 70 ಶೇಕಡಾದವರೆಗೆ ವಾಪಸ್ ಬರುತ್ತದೆ. ಅಂದರೆ ಹೊಸದರಷ್ಟು ಆಗುವುದಿಲ್ಲ, ಆದರೆ 20 ಎಲ್ಲಿ 70 ಎಲ್ಲಿ. ಇನ್ನೊಂದು, ಮಂಕಾದ ಡೂಮಿನಿಂದ ಬೆಳಕು ಚೆಲ್ಲಾಪಿಲ್ಲಿಯಾಗಿ ಹರಡುತ್ತದೆ. ನಮಗೆ ರಸ್ತೆ ಕಾಣದೆ ಎದುರಿನವನ ಕಣ್ಣಿಗೆ ಮಾತ್ರ ಚೆನ್ನಾಗಿ ಹೊಡೆಯುತ್ತದೆ.

ಸರಿ, ಕೆಲಸಕ್ಕೆ ಇಳಿಯುವ ಮೊದಲು ಪೊರೆ ಹೊರಗಿದೆಯಾ ಒಳಗಿದೆಯಾ ನೋಡಿ. ಡೂಮಿನ ಮೇಲೆ ನೀರು ಸುರಿಯಿರಿ. ಒದ್ದೆಯಾದ ತಕ್ಷಣ ಸ್ವಲ್ಪ ಪಾರದರ್ಶಕವಾಗಿ ಕಂಡು, ಒಣಗಿದ ಮೇಲೆ ಮತ್ತೆ ಮಂಕಾದರೆ ಅದು ಹೊರಗಿನದು, ಉಜ್ಜಿದರೆ ಹೋಗುತ್ತದೆ. ನೀರು ಹಾಕಿದರೂ ಏನೂ ವ್ಯತ್ಯಾಸ ಇಲ್ಲ ಅಂದರೆ ಒಳಗಿನದು ಇರಬಹುದು. ಟಾರ್ಚ್ ಬಿಟ್ಟು ಒಳಗಿನ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ನೋಡಿ. ಅದು ಕಪ್ಪಾಗಿದ್ದರೆ, ಸುಟ್ಟು ಸಿಪ್ಪೆ ಎದ್ದಿದ್ದರೆ ಉಜ್ಜುವ ಕೆಲಸವೇ ಬೇಡ, ನೇರ ಡೂಮ್ ಬದಲಿಸುವ ಮಾತಿಗೆ ಬನ್ನಿ. ಬಲ್ಬಿನ ತೂತಿನಿಂದ ಬಟ್ಟೆ ತೂರಿಸಿ ರಿಫ್ಲೆಕ್ಟರ್ ಒರೆಸುವ ಸಾಹಸ ಮಾತ್ರ ಮಾಡಬೇಡಿ. ಆ ಬೆಳ್ಳಿ ಹೊಳಪು ಬಹಳ ತೆಳುವಾದ ಅಲ್ಯೂಮಿನಿಯಂ ಲೇಪ, ಬೆರಳು ತಾಗಿದರೂ ಎದ್ದು ಬರುತ್ತದೆ.

ಅಂಬಾಸಿಡರ್, ಪದ್ಮಿನಿ, ತೀರಾ ಹಳೇ ಮಾರುತಿ 800 ಇಟ್ಟುಕೊಂಡಿರುವ ಪುಣ್ಯವಂತರಿಗೆ ಈ ತಲೆನೋವಿಲ್ಲ, ಅವು ಗಾಜು. ಉಗುರಲ್ಲಿ ತಟ್ಟಿದರೆ ಸದ್ದಲ್ಲೇ ಗೊತ್ತಾಗುತ್ತದೆ. ಗಾಜಿಗೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಕಿದರೆ ಗೀರು ಬೀಳುವುದೊಂದೇ ಲಾಭ.

ಒಳಗೆ ನೀರಿನ ಹನಿ ಕೂತಿದ್ದರೆ ಅದು ಬೇರೆ ಕಥೆ. ಮಳೆಗಾಲದ ಬೆಳಿಗ್ಗೆ ಒಳಗಡೆ ತೆಳುವಾಗಿ ಆವಿ ಕಟ್ಟಿ, ಲೈಟ್ ಹಾಕಿಕೊಂಡು ಸ್ವಲ್ಪ ಹೊತ್ತು ಓಡಿಸಿದ ಮೇಲೆ ಹೋಗಿಬಿಟ್ಟರೆ ಚಿಂತೆ ಬೇಡ. ಡೂಮ್ ಪೂರ್ತಿ ಮುಚ್ಚಿದ ಡಬ್ಬಿ ಅಲ್ಲ, ಉಸಿರಾಡಲು ಹಿಂದೆ ಸಣ್ಣ ದಾರಿ ಇರುತ್ತದೆ. ಹನಿಹನಿಯಾಗಿ ನಿಂತರೆ, ತಳದಲ್ಲಿ ನೀರು ತುಳುಕಿದರೆ ಮಾತ್ರ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮೊದಲು ಬಲ್ಬಿನ ಹಿಂದಿನ ರಬ್ಬರ್ ಟೋಪಿ ನೋಡಿ. ಬಲ್ಬ್ ಬದಲಿಸುವಾಗ ಅದನ್ನು ಸರಿಯಾಗಿ ಕೂರಿಸದೆ ಬಿಟ್ಟಿರುವುದು, ಇಲ್ಲ ಹಾಕಲೇ ಮರೆತಿರುವುದು ಬಹಳ ಸಾಮಾನ್ಯ. ಹೊಸ ಟೋಪಿ ಸಿಗುತ್ತದೆ, ದುಬಾರಿಯೇನಲ್ಲ. ಆಮೇಲೆ ಉಸಿರಾಟದ ಕೊಳವೆಯಲ್ಲಿ ಕೆಸರು ಕಟ್ಟಿದೆಯಾ ನೋಡಿ, ಜೇಡ ಗೂಡು ಕಟ್ಟಿರುವುದೂ ಉಂಟು. ಕೊನೆಗೆ ಡೂಮಿನ ಅಂಚು. ಅಲ್ಲಿ ಬಿರುಕಿದ್ದರೆ ಡೂಮ್ ಬಿಚ್ಚಿ, ಬಲ್ಬ್ ತೆಗೆದು, ಒಂದು ದಿನ ಬಿಸಿಲಲ್ಲಿ ಇಟ್ಟು ಪೂರ್ತಿ ಒಣಗಿಸಿ, ಆಮೇಲೆ ಬಿರುಕಿನ ಉದ್ದಕ್ಕೂ ಸಿಲಿಕೋನ್ ಸೀಲೆಂಟ್ ಹಚ್ಚಿ. ಅವಸರ ಆದರೆ ಹೇರ್ ಡ್ರೈಯರ್ ಇದೆಯಲ್ಲ. ಒಣಗುವ ಮೊದಲೇ ಸಿಲಿಕೋನ್ ಹಚ್ಚಿದರೆ ನೀರನ್ನು ಒಳಗೇ ಬಂಧಿಸಿ ಬೀಗ ಹಾಕಿದ ಹಾಗೆ. ಉಸಿರಾಟದ ತೂತನ್ನಂತೂ ಮುಚ್ಚಲೇಬೇಡಿ. ನೀರು ಇಳಿಯಲಿ ಅಂತ ತಳಕ್ಕೆ ಡ್ರಿಲ್ ಹೊಡೆಯುವವರೂ ಇದ್ದಾರೆ. ನೀರು ಇಳಿಯುತ್ತದೆ ನಿಜ, ಧೂಳು ಹತ್ತುತ್ತದೆ.

ಈಗ ಮುಖ್ಯ ಕೆಲಸ. ಬೇಕಾಗುವ ಸಾಮಾನು ಇಷ್ಟು: 800, 1000, 1500 ನಂಬರಿನ ವಾಟರ್ ಪೇಪರ್ ಎರಡೆರಡು ಹಾಳೆ, ಮಾಸ್ಕಿಂಗ್ ಟೇಪ್ ಒಂದು ಸುರುಳಿ, ಬಕೆಟ್ ನೀರು, ಕಾರು ತೊಳೆಯುವ ಶಾಂಪೂ ಸ್ವಲ್ಪ, ಮೆತ್ತಗಿನ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್ ಸಣ್ಣ ಬಾಟಲಿ. ವಾಟರ್ ಪೇಪರ್ ಯಾವುದೇ ಪೇಂಟ್ ಅಂಗಡಿಯಲ್ಲಿ ಬಿಡಿ ಹಾಳೆಯಾಗಿ ಸಿಗುತ್ತದೆ. ನನಗೆ ಎಲ್ಲ ಸೇರಿ 500 ರೂಪಾಯಿ ಒಳಗೇ ಆಯಿತು. 3ಎಂ ತರಹದ ಕಂಪನಿಗಳ ರೆಡಿ ಕಿಟ್ ಕೂಡ ಸಿಗುತ್ತವೆ, ಡ್ರಿಲ್ ಮೆಷಿನ್ ಮನೆಯಲ್ಲಿದ್ದರೆ ಕೈ ನೋವು ತಪ್ಪುತ್ತದೆ. ಆದರೆ ಕಿಟ್ಟಿನಲ್ಲಿ ಯುವಿ ಕೋಟಿಂಗ್ ಇದೆಯಾ ಅಂತ ಮೊದಲು ಓದಿ. ಇಲ್ಲದಿದ್ದರೆ ಅದು ದುಬಾರಿ ವಾಟರ್ ಪೇಪರ್ ಅಷ್ಟೇ.

ನೆರಳಲ್ಲಿ ಮಾಡಿ. ಮೊದಲು ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ, ಒಂದೇ ಒಂದು ಮರಳಿನ ಕಣ ಉಳಿದರೂ ಅದು ಪೇಪರಿನ ಕೆಳಗೆ ಸಿಕ್ಕಿ ಉದ್ದಕ್ಕೆ ಗೀರು ಎಳೆಯುತ್ತದೆ. ಸುತ್ತಲಿನ ಬಂಪರು, ಬಾನೆಟ್ಟಿನ ಅಂಚು, ಫೆಂಡರಿಗೆ ಮಾಸ್ಕಿಂಗ್ ಟೇಪ್ ಎರಡು ಪದರ ಹಾಕಿ. ನಾನು ಮೊದಲ ಸಲ ಒಂದೇ ಪದರ ಹಾಕಿ ಬಲಗಡೆ ಫೆಂಡರಿನ ತುದಿಯಲ್ಲಿ ಪೇಂಟ್ ಉಜ್ಜಿಬಿಟ್ಟೆ, ಆ ಗುರುತು ಈಗಲೂ ಇದೆ. ಪೇಪರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ.

800ರಿಂದ ಶುರು ಮಾಡಿ. ಪೊರೆ ತೀರಾ ದಪ್ಪ ಇದ್ದು ಸಿಪ್ಪೆ ಎದ್ದಿದ್ದರೆ 600, ಸುಮ್ನೆ ಸ್ವಲ್ಪ ಮಂಕಾಗಿದ್ದರೆ ನೇರ 1000. ಅಡ್ಡಡ್ಡ ಉಜ್ಜಿ, ಗಿರಗಿರ ವೃತ್ತಾಕಾರದಲ್ಲಿ ಬೇಡ. ಉಜ್ಜುವಾಗ ಪೇಪರು, ಡೂಮು ಎರಡೂ ಒದ್ದೆ ಇರಲೇಬೇಕು. ಶುರುವಿನಲ್ಲಿ ಹಳದಿ ಕೆಸರಿನಂಥ ನೀರು ಇಳಿಯುತ್ತದೆ. ಅದೇ ಸತ್ತ ಪದರ. ಅದು ಬರುವಷ್ಟು ಹೊತ್ತು 800ರಲ್ಲೇ ಇರಿ, ನೀರು ಬೆಳ್ಳಗೆ ಹಾಲಿನ ಹಾಗೆ ಬರಲು ಶುರುವಾದ ಮೇಲೆ ಮುಂದಕ್ಕೆ ಹೋಗಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಹಳೇ ಪದರ ಅಲ್ಲಲ್ಲಿ ಉಳಿದರೆ ಒರೆಸಿ ನೋಡಿದಾಗ ಭೂಪಟದ ಹಾಗೆ ತೇಪೆ ತೇಪೆ ಕಾಣುತ್ತದೆ, ಮೇಲೆ ಏನು ಹೊಡೆದರೂ ಅದು ಕೆಳಗಿನಿಂದ ಇಣುಕುತ್ತಲೇ ಇರುತ್ತದೆ. ಈ ಹಂತದಲ್ಲಿ ಡೂಮ್ ಪೂರ್ತಿ ಬೆಳ್ಳಗಾಗಿ, ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಹೆದರಬೇಡಿ. ನಮ್ಮ ಮನೆಯವರು ಬಂದು ನೋಡಿ ಇದ್ದದ್ದನ್ನೂ ಕೆಡಿಸಿದಿರಾ ಅಂದಿದ್ದರು.

ಆಮೇಲೆ 1000, ಈ ಸಲ ಮೇಲೆ ಕೆಳಗೆ. ಹಿಂದಿನ ಅಡ್ಡ ಗೀರುಗಳು ಒಂದೂ ಕಾಣದ ಹಾಗಾದರೆ ಈ ಹಂತ ಮುಗಿಯಿತು ಅಂತ ಲೆಕ್ಕ. ದಿಕ್ಕು ಬದಲಿಸಿ ಉಜ್ಜುವುದು ಇದಕ್ಕೇ. ಒಂದು ಡೂಮಿಗೆ ಒಟ್ಟು ಮುಕ್ಕಾಲು ಗಂಟೆ ಬೇಕು. ಹತ್ತು ನಿಮಿಷದಲ್ಲಿ ಮುಗಿಸುವ ವಿಡಿಯೋ ನೋಡಿ ಕೂತರೆ ಬೇಜಾರಾಗುತ್ತದೆ.

ಇಲ್ಲಿಂದ ದಾರಿ ಎರಡಾಗುತ್ತದೆ, ಬಹಳ ಜನ ಎಡವುವುದೂ ಇಲ್ಲೇ.

ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪೇಂಟ್ ಹೊಡೆಸುವುದಾದರೆ 1000 ಅಥವಾ 1500ಕ್ಕೆ ನಿಲ್ಲಿಸಿಬಿಡಿ. ಪಾಲಿಶ್ ಮಾಡಬೇಡಿ. ಮಂಜು ಕವಿದ ಗಾಜಿನ ಹಾಗಿದ್ದರೂ ಬಿಟ್ಟುಬಿಡಿ, ಆ ಸಣ್ಣ ಗೀರುಗಳೇ ಕೋಟಿಂಗ್ ಹಿಡಿದುಕೊಳ್ಳುವ ಜಾಗ. ಕ್ಲಿಯರ್ ಬಿದ್ದ ತಕ್ಷಣ ಗೀರು ತುಂಬಿ ಡೂಮ್ ಕಣ್ಣೆದುರೇ ತಿಳಿಯಾಗುತ್ತದೆ, ಅದನ್ನು ನೋಡುವುದೇ ಒಂದು ಖುಷಿ. ನಾನು ಮಾಡಿದ್ದು ಇಷ್ಟು: ಮನೆಯಲ್ಲಿ ಉಜ್ಜಿ, ಆಲ್ಕೋಹಾಲಲ್ಲಿ ಒರೆಸಿ, ಟೇಪ್ ಬಿಚ್ಚದೆ ನಿಧಾನಕ್ಕೆ ಕಾರನ್ನು ನಮ್ಮ ಊರಿನ ಪೇಂಟಿಂಗ್ ಶೆಡ್ಡಿಗೆ ತಗೊಂಡು ಹೋದೆ. ಅವರು ಇನ್ನೊಂದು ಕಾರಿಗೆ ಟೂಕೆ ಕ್ಲಿಯರ್ ಕಲಸುವ ದಿನ ಫೋನ್ ಮಾಡಿ ಅಂತ ಮೊದಲೇ ಹೇಳಿಟ್ಟಿದ್ದೆ. ಮಿಕ್ಕಿದ್ದರಲ್ಲಿ ನನ್ನ ಎರಡು ಡೂಮಿಗೆ ಎರಡು ಕೈ ಹೊಡೆದುಕೊಟ್ಟರು, 400 ರೂಪಾಯಿ ಕೊಟ್ಟೆ. ಟೂಕೆ ಅಂದರೆ ಕ್ಲಿಯರಿನ ಜತೆ ಹಾರ್ಡನರ್ ಬೆರೆಸುವಂಥದ್ದು, ಕಾರಿನ ಮೈಗೆ ಹೊಡೆಯುವುದೂ ಅದನ್ನೇ, ಬಿಸಿಲು ಮಳೆ ತಡೆಯುವುದು ಅದೇ. ಸ್ಪ್ರೇ ಡಬ್ಬಿಯಲ್ಲಿ ಬರುವ ಮಾಮೂಲಿ ಲ್ಯಾಕರ್ ಅಷ್ಟು ದಿನ ನಿಲ್ಲುವುದಿಲ್ಲ. ಮನೆಯಲ್ಲೇ ಟೂಕೆ ಸ್ಪ್ರೇ ಮಾಡುವ ಆಸೆ ಇದ್ದರೆ ಒಂದು ಎಚ್ಚರಿಕೆ. ಆ ಹಾರ್ಡನರಿನಲ್ಲಿ ಐಸೊಸೈನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಬಟ್ಟೆ ಮಾಸ್ಕ್ ಏನೂ ಉಪಯೋಗಕ್ಕೆ ಬರುವುದಿಲ್ಲ. ಉಳಿಸುವ ಕೆಲವು ನೂರು ರೂಪಾಯಿಗೆ ಅದು ಬೇಡ, ಶೆಡ್ಡಿಗೇ ಕೊಡಿ.

ಕ್ಲಿಯರ್ ಬೇಡ ಅನ್ನುವವರಿಗೆ ಇನ್ನೊಂದು ದಾರಿ. 2000, 3000 ನಂಬರಿನವರೆಗೆ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ತರಿಸಿ, ಮೇಲೆ ಪಿಪಿಎಫ್ ಅಂಟಿಸುವುದು. ಪೇಂಟ್ ರಕ್ಷಣೆಗೆ ಹಾಕುವ ದಪ್ಪ ಪಾರದರ್ಶಕ ಫಿಲ್ಮ್ ಅದು. ಇಡೀ ಕಾರಿಗೆ ಹಾಕಿಸಲು ಲಕ್ಷದ ಮಾತಾಡುತ್ತಾರೆ, ಆದರೆ ಹೆಡ್‌ಲೈಟಿಗೆ ಬೇಕಾಗುವುದು ಒಂದು ಚೂರು. ಡೀಟೇಲಿಂಗ್ ಅಂಗಡಿಗಳಲ್ಲಿ ದಿನಾ ಕತ್ತರಿಸಿ ಉಳಿದ ತುಂಡುಗಳು ಬಿದ್ದಿರುತ್ತವೆ. ಸಂಕೋಚ ಬಿಟ್ಟು ಕೇಳಿ. ನನ್ನ ಗೆಳೆಯನೊಬ್ಬ ಹೀಗೇ ಮಾಡಿಸಿಕೊಂಡ.

ಎರಡೂ ಆಗಲ್ಲ, ಬರೀ ಪಾಲಿಶ್ ಸಾಕು ಅಂದರೆ ತಿಂಗಳು ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚುತ್ತಿರಬೇಕು. ಯಾರು ಹಚ್ಚುತ್ತಾರೆ ಹೇಳಿ. ನಾನಂತೂ ಹಚ್ಚಲಿಲ್ಲ, ನಾಲ್ಕು ತಿಂಗಳ ಕಥೆ ಆಗಲೇ ಹೇಳಿದೆನಲ್ಲ.

ಇನ್ನು ವಾಟ್ಸಾಪಿನಲ್ಲಿ ಓಡಾಡುವ ಉಪಾಯಗಳು. ಟೂತ್‌ಪೇಸ್ಟ್ ಸುಳ್ಳೇನಲ್ಲ, ಅದರಲ್ಲಿ ಬಹಳ ನುಣುಪಾದ ಉಜ್ಜುವ ಪುಡಿ ಇರುತ್ತದೆ, ತೆಳು ಪೊರೆ ಸ್ವಲ್ಪ ಹೋಗುತ್ತದೆ, ಕೆಲವು ವಾರದಲ್ಲಿ ವಾಪಸ್ ಬರುತ್ತದೆ. ಕೊಬ್ಬರಿ ಎಣ್ಣೆ, ಡೀಸೆಲ್ ಒರೆಸುವುದು ಗೀರಿನೊಳಗೆ ಎಣ್ಣೆ ತುಂಬಿಸುವ ಆಟ. ನೀರು ಸುರಿದಾಗ ತಿಳಿಯಾಗಿ ಕಂಡಿತ್ತಲ್ಲ, ಅದೇ ಲೆಕ್ಕ, ಎಣ್ಣೆ ನಾಲ್ಕು ದಿನ ಜಾಸ್ತಿ ನಿಲ್ಲುತ್ತದೆ. ಹಳೇ ಕಾರು ಕೊಳ್ಳಲು ಹೋದಾಗ ಡೂಮ್ ಮುಟ್ಟಿ ನೋಡಿ, ಬೆರಳಿಗೆ ಜಿಡ್ಡು ಹತ್ತಿದರೆ ಬೆಳಿಗ್ಗೆ ತಾನೇ ಯಾರೋ ಮೇಕಪ್ ಮಾಡಿದ್ದಾರೆ. ಸೊಳ್ಳೆ ಓಡಿಸುವ ಸ್ಪ್ರೇ ಮಾತ್ರ ನಿಜಕ್ಕೂ ಅಪಾಯ. ಅದರಲ್ಲಿ ಡೀಟ್ ಅನ್ನೋ ರಾಸಾಯನಿಕ ಇದ್ದರೆ ಅದು ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸುತ್ತದೆ, ಪೊರೆ ಹೋಯಿತು ಅನ್ನಿಸುವುದು ಅದಕ್ಕೇ. ಆಮೇಲೆ ಅಂಟಂಟು, ಬಿರುಕು. ಥಿನ್ನರ್, ಪೆಟ್ರೋಲ್ ಕೂಡ ಅಷ್ಟೇ. ನಮ್ಮ ಗ್ಯಾರೇಜುಗಳಲ್ಲಿ ಏನು ಕೊಳೆ ಕಂಡರೂ ಥಿನ್ನರ್ ಬಟ್ಟೆ ಕೈಗೆತ್ತಿಕೊಳ್ಳುವ ಅಭ್ಯಾಸ ಇದೆ. ಡೂಮಿನ ಹತ್ತಿರ ಅದು ಬಂದರೆ ತಡೆಯಿರಿ.

ಡೂಮ್ ತಿಳಿಯಾಯಿತು, ಆದರೂ ಬೆಳಕು ಸಾಲದು ಅನ್ನಿಸಿದರೆ ಬಲ್ಬ್ ನೋಡಿ. ಹ್ಯಾಲೊಜೆನ್ ಬಲ್ಬ್ ಸುಟ್ಟುಹೋಗುವ ಮೊದಲೇ ವಯಸ್ಸಾಗಿ ಮಂಕಾಗುತ್ತದೆ. ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಎಚ್4, 60/55 ವ್ಯಾಟ್, ಅಂದರೆ ಹೈ ಬೀಮಿಗೆ 60, ಡಿಮ್ಮಿಗೆ 55. ಎರಡೂ ಬದಿ ಒಟ್ಟಿಗೇ ಬದಲಿಸಿ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಜಾಗ ವಿಪರೀತ ಬಿಸಿಯಾಗಿ ಬೇಗ ಹೋಗುತ್ತದೆ. ಅಂಗಡಿಯವರು 100/90 ಹಾಕಿ ಸಾರ್, ಹಗಲು ಮಾಡಿಬಿಡುತ್ತೆ ಅನ್ನುತ್ತಾರೆ. ಮಾಡುತ್ತದೆ, ಸ್ವಲ್ಪ ದಿನ. ಆಮೇಲೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಸುಡುತ್ತದೆ. ಕಾನೂನಿಗೂ ವಿರುದ್ಧ. ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬ್ ತುರುಕುವುದೂ ಬೇಡ. ಆ ರಿಫ್ಲೆಕ್ಟರ್ ಲೆಕ್ಕ ಹಾಕಿರುವುದು ಹ್ಯಾಲೊಜೆನ್ ತಂತಿ ಇರುವ ಜಾಗಕ್ಕೆ. ಬೆಳಕು ಜಾಸ್ತಿ ಬಂದ ಹಾಗೆ ಕಾಣುತ್ತದೆ, ಬೀಳುವುದು ಎದುರಿನವನ ಮುಖಕ್ಕೆ.

ಹಳೇ ಕಾರಿನಲ್ಲಿ ವೈರಿಂಗ್ ಕೂಡ ಬೆಳಕು ತಿನ್ನುತ್ತದೆ. ಬಲ್ಬಿಗೆ ಬರುವ ವೋಲ್ಟೇಜ್ 10 ಶೇಕಡಾ ಕಡಿಮೆಯಾದರೆ ಬೆಳಕು ಸುಮಾರು 30 ಶೇಕಡಾ ಹೋಗುತ್ತದೆ. ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿಟ್ಟು, ಬ್ಯಾಟರಿಯಲ್ಲಿ ಒಂದು ಸಲ, ಬಲ್ಬಿನ ಹೋಲ್ಡರ್ ಹಿಂದೆ ಒಂದು ಸಲ ಮಲ್ಟಿಮೀಟರ್ ಇಟ್ಟು ನೋಡಿ. ಒಂದು ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲು ಅರ್ಥಿಂಗ್ ವೈರು ಕಾರಿನ ಮೈಗೆ ಸೇರುವ ಜಾಗದ ತುಕ್ಕು ಕೆರೆಯಿರಿ. ಇದಕ್ಕೆ ಖರ್ಚೇ ಇಲ್ಲ, ಉಳಿದ ವಾಟರ್ ಪೇಪರ್ ಚೂರು ಸಾಕು. ಅದರಲ್ಲೂ ಸರಿ ಹೋಗದಿದ್ದರೆ ರಿಲೇ (ಬ್ಯಾಟರಿಯಿಂದ ನೇರ ಬಲ್ಬಿಗೆ ಕರೆಂಟ್ ಕೊಡಿಸುವ ಸ್ವಿಚ್) ಇರುವ ವೈರಿಂಗ್ ಕಿಟ್ ಹಾಕಿಸಿ.

ಡೂಮ್ ಬದಲಿಸಲೇಬೇಕಾದರೆ? ರಿಫ್ಲೆಕ್ಟರ್ ಸುಟ್ಟಿದ್ದರೆ, ಡೂಮಿನ ಒಳಮೈಯೇ ಮಂಕಾಗಿದ್ದರೆ, ಪ್ಲಾಸ್ಟಿಕ್ಕಿನ ಆಳದಲ್ಲಿ ಜೇಡರ ಬಲೆಯಂಥ ಬಿರುಕಿದ್ದರೆ ಬದಲಿಸಿ. ಅದು ಉಜ್ಜಿದರೆ ಹೋಗುವಂಥದ್ದಲ್ಲ. ಹಳೇ ಸಣ್ಣ ಕಾರಿಗೆ ಹೊರಗಿನ ಕಂಪನಿಯ ಡೂಮ್ ಅಗ್ಗಕ್ಕೇ ಸಿಗುತ್ತದೆ, ಹಾಗಾಗಿ ತೀರಾ ಕೆಟ್ಟದ್ದನ್ನು ಉಜ್ಜುತ್ತಾ ಕೂರುವುದು ಲಾಭ ಅಲ್ಲ. ಪ್ರೊಜೆಕ್ಟರ್ ಅಥವಾ ಎಲ್‌ಇಡಿ ಇರುವ ಹೊಸ ಕಾರಿನ ಲೆಕ್ಕ ಉಲ್ಟಾ. ಅವುಗಳ ಅಸೆಂಬ್ಲಿ ಬೆಲೆ ಕೇಳಿದರೆ ಉಜ್ಜುವುದೇ ಸುಖ ಅನ್ನಿಸುತ್ತದೆ. ಬೆಂಗಳೂರಿನವರಿಗೆ ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆ ಇದೆ. ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ, ನಾಲ್ಕು ಕಡೆ ಕೇಳಿ. ಕಾರಿನ ಕಂಪನಿಯ ಡಬ್ಬಿಯಲ್ಲಿ ಬರುವುದಕ್ಕೂ, ಲುಮ್ಯಾಕ್ಸ್, ಯೂನೋ ಮಿಂಡಾ ತರಹದ ತಯಾರಕರ ಹೆಸರಲ್ಲೇ ಬರುವುದಕ್ಕೂ ಬೆಲೆ ಬೇರೆ ಇರುತ್ತದೆ. ಹೆಸರೇ ಇಲ್ಲದ ಮಾಲು ಬೇಡ. ಅದರ ಮೇಲಿನ ಕೋಟಿಂಗ್ ನಂಬುವ ಹಾಗಿಲ್ಲ, ಮತ್ತೆ ವಾಟರ್ ಪೇಪರಿಗೇ ಬರುತ್ತೀರಿ. ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕುವುದಾದರೆ ಹೊರಗಿನ ಪೊರೆಗೆ ತಲೆ ಕೆಡಿಸಿಕೊಳ್ಳಬೇಡಿ, ಅದನ್ನು ತೆಗೆಯುವುದು ಈಗ ನಿಮಗೆ ಗೊತ್ತು. ನೋಡಬೇಕಾದ್ದು ರಿಫ್ಲೆಕ್ಟರ್ ಮತ್ತು ಕಾರಿನ ಮೈಗೆ ಸಿಗಿಸುವ ಕಿವಿಗಳು. ಕಿವಿ ಮುರಿದದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ, ಗುಂಡಿಯಲ್ಲಿ ಇಳಿದಾಗೆಲ್ಲ ಬೆಳಕು ಕುಣಿಯುತ್ತದೆ.

ಆನ್‌ಲೈನಿನಲ್ಲಿ ವಿದೇಶದ ಮಾಲು ತರಿಸುವವರು ಇನ್ನೊಂದು ಗಮನಿಸಿ. ನಾವು ಎಡಬದಿಯಲ್ಲಿ ಓಡಿಸುವವರು, ನಮ್ಮ ಡಿಮ್ ಬೆಳಕು ಎಡಗಡೆ ಅಂಚಿಗೆ ಸ್ವಲ್ಪ ಮೇಲೆದ್ದಿರುತ್ತದೆ, ಬಲಗಡೆ ತಗ್ಗಿರುತ್ತದೆ. ಬಲಬದಿಯಲ್ಲಿ ಓಡಿಸುವ ದೇಶದ ಡೂಮ್ ತಂದರೆ ಇದು ತಿರುಗುಮುರುಗಾಗುತ್ತದೆ.

ಹಾಕುವುದು ಕಷ್ಟವಲ್ಲ, ಆದರೆ ಬಹಳ ಕಾರುಗಳಲ್ಲಿ ಮುಂದಿನ ಬಂಪರ್ ಬಿಚ್ಚದೆ ಡೂಮ್ ಈಚೆಗೆ ಬರುವುದಿಲ್ಲ. 10ರ ಸ್ಪ್ಯಾನರ್, ಸ್ಕ್ರೂ ಡ್ರೈವರ್ ಸಾಕು. ಹಳೇ ಪ್ಲಾಸ್ಟಿಕ್ ಕ್ಲಿಪ್ಪುಗಳು ಬಿಚ್ಚುವಾಗ ಮುರಿದೇ ಮುರಿಯುತ್ತವೆ, ಒಂದು ಡಜನ್ ಮೊದಲೇ ತಂದಿಟ್ಟುಕೊಳ್ಳಿ.

ಡೂಮ್ ಬಿಚ್ಚಿ ಹಾಕಿದ ಮೇಲೆ, ಬಲ್ಬ್ ಬದಲಿಸಿದ ಮೇಲೆ ಬೆಳಕಿನ ಎತ್ತರ ಸರಿ ಮಾಡಲೇಬೇಕು. ಸಮತಟ್ಟಾದ ಜಾಗದಲ್ಲಿ ಕಾರನ್ನು ಗೋಡೆಯ ಹತ್ತಿರ ನಿಲ್ಲಿಸಿ, ಡೂಮಿನ ನಡುಭಾಗದ ಎತ್ತರಕ್ಕೆ ಗೋಡೆಯ ಮೇಲೆ ಮಿಕ್ಕಿದ ಮಾಸ್ಕಿಂಗ್ ಟೇಪ್ ಅಂಟಿಸಿ. ಟೈರ್ ಗಾಳಿ ಸರಿ ಇರಲಿ, ಡ್ರೈವರ್ ಸೀಟಲ್ಲಿ ಒಬ್ಬರು ಕೂತಿರಲಿ. ಕಾರನ್ನು ನೇರ ಹಿಂದಕ್ಕೆ 25 ಅಡಿ ತಗೊಳ್ಳಿ. ಡಿಮ್ ಹಾಕಿ. ಬೆಳಕಿನ ಮೇಲಂಚು ಟೇಪಿಗಿಂತ ಸುಮಾರು 3 ಇಂಚು ಕೆಳಗೆ ಬಿದ್ದರೆ ಸರಿ. ಹೆಚ್ಚು ಕಡಿಮೆ ಇದ್ದರೆ ಡೂಮಿನ ಹಿಂದಿರುವ ಸ್ಕ್ರೂ ತಿರುಗಿಸಿ. ಒಂದು ಬದಿ ಮಾಡುವಾಗ ಇನ್ನೊಂದು ಬದಿಗೆ ಬಟ್ಟೆ ಮುಚ್ಚಿಕೊಳ್ಳಿ, ಆದರೆ ಜಾಸ್ತಿ ಹೊತ್ತು ಬೇಡ, ಬಿಸಿ ಕೂರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಲೈಟಿನ ಎತ್ತರದ ಚಕ್ರ ಇದ್ದರೆ ಇದೆಲ್ಲ ಮಾಡುವಾಗ ಅದು 0ಯಲ್ಲಿರಬೇಕು. ಊರಿಂದ ಡಿಕ್ಕಿ ತುಂಬಾ ಅಕ್ಕಿ ಮೂಟೆ, ತೆಂಗಿನಕಾಯಿ ಹೇರಿಕೊಂಡು ಹೊರಟ ದಿನ ಕಾರಿನ ಮೂಗು ಮೇಲೇಳುತ್ತದೆ, ಆ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿಕೊಳ್ಳಿ. ಅದು ಇರುವುದೇ ಅದಕ್ಕೆ.